ಚೀಲದ ಮೇಲಿನ ನೆರಳು

ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ನನ್ನ ಹೆಡ್‌ಫೋನಿನಲ್ಲಿ ಇರಬಾರದ ಒಂದು ಸದ್ದು ಕೇಳಿಸಿತು. ಗಂಟೆ ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ. ಪರೀಕ್ಷೆಗೆ ಒಬ್ಬರು ಬಂದು ಕೂರುವ ಮೊದಲು ಹಾಳೆಯ ಬಲಮೂಲೆಯಲ್ಲಿ ಸಮಯ ಬರೆದಿಡುವುದು ನನ್ನ ರೂಢಿ. ಅಂದಿನ ಏಳನೆಯ ಹಾಳೆಯಲ್ಲಿ 11.40 ಎಂದು ಬರೆದು, ಯಂತ್ರ ಸರಿಯಿದೆಯೇ ಎಂದು ನೋಡಲು ಹೆಡ್‌ಫೋನನ್ನು ನಾನೇ ಹಾಕಿಕೊಂಡೆ. ಆ ಹಾಳೆಯಲ್ಲಿ ಸಮಯದ ಹೊರತು ಬೇರೇನೂ ಬರೆದಿಲ್ಲ. ಅದು ಇಂದಿಗೂ ನನ್ನ ಹತ್ತಿರ ಇದೆ.

ನಾನಿದ್ದದ್ದು ಗಂಗಾವತಿಯ ಒಂದು ಅಕ್ಕಿ ಗಿರಣಿಯ ಗೋಡೌನಿನಲ್ಲಿ. ಎಂಬತ್ತರ ದಶಕದ ಮೊದಲ ವರ್ಷಗಳು; ಕೊಪ್ಪಳ ಆಗಿನ್ನೂ ರಾಯಚೂರು ಜಿಲ್ಲೆಯ ಒಂದು ತಾಲೂಕು. ಕೊಪ್ಪಳದ ಒಂದು ಸಣ್ಣ ಧರ್ಮಾಸ್ಪತ್ರೆಯಲ್ಲಿ ನಾನು ಆಡಿಯಾಲಜಿಸ್ಟ್ ಆಗಿದ್ದೆ. ಒಬ್ಬರ ಕಿವಿಗೆ ಯಾವ ಸ್ವರ ಎಷ್ಟು ಕೇಳುತ್ತದೆ, ಯಾವುದು ಕೇಳುವುದಿಲ್ಲ ಎಂದು ಅಳೆದು ಕಾಗದದ ಮೇಲೆ ಗೆರೆ ಎಳೆದು ಕೊಡುವ ಕೆಲಸ. ಆ ಕಡೆ ಇಂಥದೊಂದು ಕೆಲಸ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಯಲಬುರ್ಗಾದಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದ ನನ್ನ ಅಪ್ಪ, ಪಿಯುಸಿ ಮುಗಿದ ಮೇಲೆ ನನ್ನನ್ನು ಮೈಸೂರಿಗೆ ಈ ಕೋರ್ಸಿಗೆ ಕಳಿಸುತ್ತೇನೆಂದಾಗ ಸೋದರತ್ತೆ ಅಂಗಳದಲ್ಲಿ ನಿಂತು ಕೇಳಿದ್ದರು: "ಕಿವ್ಯಾಗಿನ ಗುಗ್ಗಿ ತಗಿಯೂದು ಕಲಿಯಾಕ ಮೈಸೂರತನಕ ಹೋಗಬೇಕೇನಪ್ಪಾ? ಸಂತ್ಯಾಗ ಕೆಂಪು ಪೇಟಾದಾವ ಚಾರಾಣೆಗೆ ತಗದು ಅಂಗೈಯಾಗ ಇಡತಾನ."

"ಇಕಿ ತಗಿಯೂದಲ್ಲಬೇ, ಅಳಿಯೂದು," ಎಂದರು ಅಪ್ಪ.

"ಗುಗ್ಗಿ ಅಳದು ಏನ್ ಮಾಡ್ತಾಳ?"

ನಾಲ್ಕು ವರ್ಷ ಕಲಿತು ಬಂದ ಮೇಲೂ ಅತ್ತೆಯ ಮಾತು ಬದಲಾಗಲಿಲ್ಲ. ಆದರೆ ತಮ್ಮ ಎಡಗಿವಿಯನ್ನು ನನ್ನಿಂದಲೇ ಮೊದಲು ಪರೀಕ್ಷೆ ಮಾಡಿಸಿಕೊಂಡರು.

ಆಸ್ಪತ್ರೆಯವರು ವಾರದಲ್ಲಿ ಮೂರು ದಿನ ನನ್ನನ್ನು ಹೊರಗೆ ಕಳಿಸುತ್ತಿದ್ದರು. ಸೋಮವಾರ ಕುಷ್ಟಗಿ, ಮಂಗಳವಾರ ಗಂಗಾವತಿ, ಗುರುವಾರ ಯಲಬುರ್ಗಾ. ಆಡಿಯೋಮೀಟರ್ ಎಂಬ ಯಂತ್ರ ಒಂದು ಸೂಟ್‌ಕೇಸಿನಷ್ಟು ದೊಡ್ಡದು. ಬಸ್ಸಿನ ಕುಲುಕಾಟಕ್ಕೆ ಅದರ ಅಳತೆ ಕೆಡಬಾರದೆಂದು ತೊಡೆಯ ಮೇಲೇ ಇಟ್ಟುಕೊಳ್ಳುತ್ತಿದ್ದೆ. ಕುಷ್ಟಗಿ ಬಸ್ಸಿನ ಕಂಡಕ್ಟರು ಪ್ರತಿ ಸೋಮವಾರ ಪೆಟ್ಟಿಗೆಯನ್ನು ಟಾಪಿಗೆ ಹಾಕಿ ಎನ್ನುತ್ತಿದ್ದ.

"ಇದು ಕೂಸಿದ್ದಂಗ ರೀ, ಮ್ಯಾಲ ಹಾಕಾಕ ಬರೂದಿಲ್ಲ."

"ಹಂಗಾದ್ರ ಕೂಸಿಗೆ ಅರ್ಧಾ ಟಿಕೀಟ್ ತಗೋರಿ ಅಕ್ಕೋರ."

ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತಾರೆ. ಕೈಯಲ್ಲಿ ಪೆನ್ನು, ತೋಳಿನಲ್ಲಿ ಗಡಿಯಾರ ಇದ್ದದ್ದರಿಂದ ನನಗೂ ಅದೇ ಹೆಸರು ಬಂತು.

ಈ ಪರೀಕ್ಷೆಗೆ ಬೇಕಾದದ್ದು ಮೌನ. ಮೈಸೂರಿನಲ್ಲಿ ಅದಕ್ಕೆಂದೇ ಕಟ್ಟಿದ ದಪ್ಪ ಗೋಡೆಯ ಕೋಣೆಗಳಿದ್ದವು. ಇಲ್ಲಿ ನಾನು ಶಾಲೆಯ ಕೋಣೆ, ಚಾವಡಿ, ಗುಡಿಯ ಹಿಂದಿನ ಅಡುಗೆಮನೆ ಎಲ್ಲವನ್ನೂ ಪ್ರಯತ್ನಿಸಿದೆ. ಎಲ್ಲಿ ಕೂತರೂ ಕೋಳಿ, ಕೂಸು, ಲೌಡ್‌ಸ್ಪೀಕರು. ಕೊನೆಗೆ ಗಂಗಾವತಿಯಲ್ಲಿ ಸಿಕ್ಕಿತು. ಆ ಗಿರಣಿಯ ಮಾಲೀಕರು ತಮ್ಮ ಕೆಲಸಗಾರರ ಕಿವಿ ನೋಡಿಸಲು ಕರೆದಿದ್ದರು. ಭತ್ತದ ಚೀಲಗಳನ್ನು ಮೂರು ಕಡೆ ಮಾಡಿನವರೆಗೆ ಒಟ್ಟಿದ್ದ ಗೋಡೌನಿನೊಳಗೆ ಕಾಲಿಟ್ಟೆ. ಹೊರಗಿನ ಗಿರಣಿಯ ಗದ್ದಲ ಯಾರೋ ಬಾಯಿ ಮುಚ್ಚಿದಂತೆ ನಿಂತಿತು. ಚೀಲದ ಭತ್ತ ಸದ್ದನ್ನು ನುಂಗುತ್ತಿತ್ತು. ನನಗಾದ ಸಂತೋಷಕ್ಕೆ ಅಂದೇ ಮೈಸೂರಿನ ನನ್ನ ಗುರುಗಳಿಗೆ ಇನ್‌ಲ್ಯಾಂಡ್ ಪತ್ರ ಬರೆದೆ. ಅವರು ಮೆಚ್ಚಿ ಉತ್ತರಿಸಿದರು. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದರು: ಕೂತವರಿಗೆ ನಿನ್ನ ಕೈ ಕಾಣದಂತೆ ನೋಡಿಕೋ. ಇಷ್ಟೂ ನನಗೆ ಗೊತ್ತಿಲ್ಲವೇ ಅಂದುಕೊಂಡೆ.

ಪರೀಕ್ಷೆಯ ಕ್ರಮ ಸರಳ. ಕೂತವರು ನನಗೆ ಬೆನ್ನು ಮಾಡಿ, ಹೆಡ್‌ಫೋನ್ ಹಾಕಿಕೊಂಡು, ಎದುರಿನ ಚೀಲಗಳನ್ನು ನೋಡುತ್ತ ಕೂರಬೇಕು. ನಾನು ಹಿಂದೆ ಮೇಜಿನ ಬಳಿ ಕೂತು ಯಂತ್ರದ ಗುಂಡಿ ಒತ್ತುತ್ತೇನೆ. ಒತ್ತಿದಷ್ಟು ಹೊತ್ತು ಒಂದು ಸ್ವರ ಬರುತ್ತದೆ, ಕೇಳಿದರೆ ಬೆರಳೆತ್ತಬೇಕು. ಗಡುಸು ಸ್ವರದಿಂದ ಹಿಡಿದು ಸೀಟಿಯಂಥ ಚೂಪು ಸ್ವರದವರೆಗೆ, ದೊಡ್ಡದರಿಂದ ಸಣ್ಣದಕ್ಕೆ. ಗೋಡೌನಿಗೆ ಇದ್ದದ್ದು ಪಡುವಣ ದಿಕ್ಕಿನ ಒಂದೇ ಬಾಗಿಲು. ಬರೆಯಲು ಬೆಳಕು ಬೇಕೆಂದು ಮೇಜನ್ನು ಬಾಗಿಲಿಗೆ ಹತ್ತಿರ, ಬಾಗಿಲಿಗೆ ಬೆನ್ನು ಬರುವಂತೆ ಹಾಕಿಸಿದ್ದೆ. ಯಂತ್ರ ನನ್ನ ಬಲಕ್ಕೆ, ತೋಳು ಚಾಚಿ ಒತ್ತುವಷ್ಟು ದೂರದಲ್ಲಿತ್ತು.

ಮಾಲೀಕರು ಆಂಧ್ರದಿಂದ ಕಾಲುವೆಯ ನೀರು ಹುಡುಕಿಕೊಂಡು ಬಂದ ಮನೆತನದವರು. ಮಾತು ಒರಟು, ಮನುಷ್ಯ ಕೆಟ್ಟವರಲ್ಲ. ಮೊದಲ ದಿನವೇ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ಅಮ್ಮಾ, ಎಲ್ಲಾರ್ದೂ ಹೇಗಾದರೂ ನೋಡಿ. ನಮ್ಮ ಬಾಯ್ಲರ್ ಮೇಸ್ತ್ರೀದು ಮಾತ್ರ ಸರಿಯಾಗಿ ನೋಡಿ. ಕರೆದ್ರೆ ತಿರುಗೋದಿಲ್ಲ. ಸೊಕ್ಕಾ, ಕಿವುಡಾ, ನೀವೇ ಹೇಳ್ಬೇಕು. ಸೊಕ್ಕಾದ್ರೆ ಪರವಾಗಿಲ್ಲ, ಅದಕ್ಕೆ ನನ್ನ ಹತ್ರ ಔಷಧ ಇದೆ. ಕಿವುಡಾದ್ರೆ ಬಾಯ್ಲರ್ ಹತ್ರ ಇಡೋದಿಲ್ಲ."

ಭತ್ತವನ್ನು ನೆನೆಸಿ, ಉಗಿಯಲ್ಲಿ ಬೇಯಿಸಿ, ಒಣಗಿಸಿ ಕುಸುಬಲಕ್ಕಿ ಮಾಡುವ ಗಿರಣಿ ಅದು. ಉಗಿ ಬರುವುದು ಬಾಯ್ಲರಿನಿಂದ. ಅದನ್ನು ನೋಡಿಕೊಳ್ಳುತ್ತಿದ್ದ ಮೇಸ್ತ್ರಿ ನವಲಿ ಎಂಬ ಹಳ್ಳಿಯವರು, ನಲವತ್ತೈದರ ಆಸುಪಾಸು, ಹದಿನೈದು ವರ್ಷದಿಂದ ಬಾಯ್ಲರಿನ ಮುಂದೆ. ಅವರ ಹೆಂಡತಿ ಅದೇ ಗಿರಣಿಯ ಸಿಮೆಂಟಿನ ಅಂಗಳದಲ್ಲಿ ಭತ್ತ ಹರವುವ ಕೆಲಸ ಮಾಡುತ್ತಿದ್ದರು. ಮೇಸ್ತ್ರಿಯ ಸರದಿ ಬಂದಾಗ ಮಧ್ಯಾಹ್ನ ನಾಲ್ಕು ದಾಟಿತ್ತು. ಹೆಡ್‌ಫೋನನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತ ಕೇಳಿದರು:

"ಅಕ್ಕೋರ, ನಾಪಾಸಾದ್ರ ಮತ್ತೊಮ್ಮೆ ಕುಂದರಸ್ತೀರೇನ್ರಿ?"

"ಇದು ಪಾಸು ನಾಪಾಸಿನ ಪರೀಕ್ಷಾ ಅಲ್ರಿ."

"ನೌಕರಿ ಹೋಗೂ ಪರೀಕ್ಷಾ ಎಲ್ಲಾನೂ ಪಾಸು ನಾಪಾಸಿಂದs ರೀ."

ನಕ್ಕು ಕೂರಿಸಿದೆ. ಬೆರಳು ತಪ್ಪದೆ ಏಳುತ್ತಿತ್ತು. ಗಡುಸು ಸ್ವರಕ್ಕೆ ಎದ್ದಿತು, ನಡುವಿನ ಸ್ವರಕ್ಕೆ ಎದ್ದಿತು, ಚೂಪು ಸ್ವರಕ್ಕೂ ಎದ್ದಿತು. ಸದ್ದನ್ನು ಎಷ್ಟು ಇಳಿಸಿದರೂ ಎದ್ದಿತು. ನನಗೇ ಕಷ್ಟದಿಂದ ಕೇಳುವಷ್ಟು ಸಣ್ಣ ಸೀಟಿ ಆ ಮನುಷ್ಯರಿಗೆ ಕೇಳುತ್ತಿತ್ತು. ಹದಿನೈದು ವರ್ಷ ಗಿರಣಿಯ ಸದ್ದಿನಲ್ಲಿದ್ದೂ ಇಂಥ ಕಿವಿಯೇ ಎಂದು ಬೆರಗಾದೆ. ಬೆರಗಾಗುವ ಬದಲು ಅನುಮಾನಪಡಬೇಕಿತ್ತು. ನಮಗೆ ಕಲಿಸಿದ ಒಂದು ಉಪಾಯವಿದೆ. ನಡುನಡುವೆ ಸ್ವರ ಕೊಡದೆ ಸುಮ್ಮನೆ ಕೈ ಆಡಿಸಬೇಕು; ಆಗಲೂ ಬೆರಳು ಎದ್ದರೆ ಆ ಕಿವಿ ನಿನ್ನ ಕೈಯನ್ನು ಕೇಳುತ್ತಿದೆ ಎಂದರ್ಥ. ಅಂದು ಐದು ಗಂಟೆಯ ಕೊಪ್ಪಳದ ಬಸ್ಸು ಹಿಡಿಯಬೇಕಿತ್ತು. ಕೈ ಆಡಿಸಲಿಲ್ಲ.

"ಪಾಸಾದ್ನೇನ್ರಿ?"

"ಮೊದಲನೇ ದರ್ಜೆಯಾಗ."

ಅವರು ನಗಲಿಲ್ಲ. ತಮ್ಮ ಬೆರಳನ್ನೇ ಒಂದು ಗಳಿಗೆ ನೋಡಿ ಎದ್ದು ಹೋದರು. ಶ್ರವಣಶಕ್ತಿ ಸರಿಯಾಗಿದೆ ಎಂದು ಬರೆದು, ಸಹಿ ಮಾಡಿ, ಮಾಲೀಕರ ಕೈಗೆ ಕೊಟ್ಟು ಬಸ್ಸಿಗೆ ಓಡಿದೆ.

ಇದಾಗಿ ನಾಲ್ಕನೆಯ ವಾರವೇ ಆ ಮಂಗಳವಾರ. ಉಳಿದ ಕೆಲಸಗಾರರ ಪರೀಕ್ಷೆಗೆ ಹೋಗಿದ್ದೆ. ಹೆಡ್‌ಫೋನಿನಲ್ಲಿ ಕೇಳಿದ್ದು ಸಣ್ಣ, ಚೂಪಾದ, ಬಿಡದ ಸೀ ಎನ್ನುವ ಸದ್ದು. ಯಂತ್ರ ಕೆಟ್ಟಿದೆ ಎಂದುಕೊಂಡೆ. ನಮ್ಮ ವೃತ್ತಿಯಲ್ಲಿ ಮೊದಲು ಬರುವ ಅನುಮಾನ ಅದೇ. ಪ್ಲಗ್ಗು ತೆಗೆದು ಹಾಕಿದೆ. ಸ್ಟೆಬಿಲೈಸರನ್ನು ಮೇಜಿನಿಂದ ಕೆಳಗಿಳಿಸಿದೆ. ವಯರು ಬದಲಿಸಿದೆ. ಗುಂಡಿಯನ್ನು ಒಂದೊಂದೇ ಸ್ವರಕ್ಕೆ ತಿರುಗಿಸಿದೆ. ಹೀಗೆ ನಾಲ್ಕು ನಿಮಿಷ ಕಳೆದೆ. ಆಮೇಲೆ ಯಂತ್ರವನ್ನೇ ಆರಿಸಿದೆ. ಸದ್ದು ಹೋಗಲಿಲ್ಲ. ಹೆಡ್‌ಫೋನ್ ತೆಗೆದೆ. ಸದ್ದು ಇನ್ನೂ ದೊಡ್ಡದಾಯಿತು.

ಎದ್ದು ಹೊರಗೆ ಬಂದೆ. ಗೋಡೌನಿನ ಪಕ್ಕದಲ್ಲೇ ಬಾಯ್ಲರಿನ ಶೆಡ್ಡು. ಬಾಯ್ಲರಿನ ತಲೆಯಿಂದ ಹೊರಟ ಉಗಿಯ ಕೊಳವೆ ಗೋಡೆಯುದ್ದಕ್ಕೂ ಸಾಗಿ ಭತ್ತ ಬೇಯಿಸುವ ಡ್ರಮ್ಮುಗಳಿಗೆ ಹೋಗುತ್ತಿತ್ತು. ಆ ಕೊಳವೆಯ ಒಂದು ಜೋಡಣೆಯಲ್ಲಿ, ಎರಡು ಬಿಲ್ಲೆಗಳ ನಡುವೆ ಉಗಿ ಸೋರದಂತೆ ಇಟ್ಟ ಪ್ಯಾಕಿಂಗಿನಿಂದ, ಬಿಳಿ ದಾರದಷ್ಟು ತೆಳ್ಳಗೆ ಉಗಿ ಹೊರಬರುತ್ತಿತ್ತು. ಅದರ ನೇರ ಕೆಳಗೆ, ಗೋಡೆಯ ನೆರಳಿನಲ್ಲಿ, ಆರು ಹೆಂಗಸರು ರೊಟ್ಟಿಯ ಗಂಟು ಬಿಚ್ಚಿ ಕೂತಿದ್ದರು. ಅಲ್ಲಿಂದ ಹತ್ತು ಹೆಜ್ಜೆಯಲ್ಲಿ ಮೇಸ್ತ್ರಿ ಒಂದು ಕಟ್ಟೆಯ ಮೇಲೆ ಕೂತು, ನೀರಿನ ಮಟ್ಟ ತೋರಿಸುವ ಗಾಜಿನ ನಳಿಕೆಯನ್ನೇ ನೋಡುತ್ತಿದ್ದರು. ಬೀಡಿ ಸೇದುತ್ತ, ಆರಾಮವಾಗಿ.

ಆ ಸದ್ದು ನನ್ನ ಹಲ್ಲನ್ನು ಕೊರೆಯುತ್ತಿತ್ತು. ಅವರು ತಲೆಯನ್ನೂ ತಿರುಗಿಸಿರಲಿಲ್ಲ. ಈ ಮನುಷ್ಯರಿಗೆ ಚೂಪು ಸ್ವರ ಕೇಳುವುದಿಲ್ಲ, ಕೇಳುತ್ತದೆ ಎಂದು ನಾನು ಬರೆದುಕೊಟ್ಟಿದ್ದೇನೆ. ಇವೆರಡೂ ಒಟ್ಟಿಗೆ ತಿಳಿದವು.

"ಮೇಸ್ತ್ರೀ!" ಎಂದು ಕೂಗಿದೆ. ಗಿರಣಿಯ ಗದ್ದಲದಲ್ಲಿ ನನ್ನ ಕೂಗು ಎಲ್ಲಿಗೂ ಮುಟ್ಟಲಿಲ್ಲ. ಕಾಲ ಬುಡದಲ್ಲಿದ್ದ ರಾಶಿಯಿಂದ ಒಂದು ಹಿಡಿ ಭತ್ತ ತೆಗೆದು ಅವರ ಬೆನ್ನಿಗೆ ಎಸೆದೆ. ತಿರುಗಿದರು. ನಗುತ್ತ ಕೈ ಮುಗಿದರು. ನಾನು ಮೇಲೆ ತೋರಿಸಿದೆ. ಅವರ ಮುಖ ಬದಲಾದದ್ದನ್ನು ನಾನು ಆಮೇಲೆ ಮನಸ್ಸಿನಲ್ಲಿ ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ. ಈಗ ಬರೆಯುವಾಗಲೂ ಕಾಣುತ್ತಿದೆ.

"ಹೆಣ್ಮಕ್ಕಳ್ನ ಎಬ್ಬಸ್ರಿ!" ಎಂದು ಅರಚಿ, ಬೀಡಿ ಎಸೆದು, ಬಾಯ್ಲರಿಗೆ ಒರಗಿಸಿದ್ದ ಏಣಿ ಹತ್ತಿದರು. ಉಗಿ ಬಂದ್ ಮಾಡುವ ಚಕ್ರ ಮೇಲಿತ್ತು.

ನಾನು ಹೆಂಗಸರ ಕಡೆ ಓಡಿ ಏಳಿ ಏಳಿ ಎಂದೆ. ಐದು ಜನ ಎದ್ದರು. ಆರನೆಯಾಕೆ ಮುದುಕಿ, ರೊಟ್ಟಿ, ಚಟ್ನಿಪುಡಿಯ ಗಂಟು ಕಟ್ಟತೊಡಗಿದಳು: "ತಡೀರಿ ಅಕ್ಕೋರ, ಹಿಂಡಿ ಚೆಲ್ಲತೈತಿ." ಅವಳ ರಟ್ಟೆ ಹಿಡಿದು ಎಳೆದೆ. ಬೈಯುತ್ತ ಬಂದಳು. ನಾವು ಅಂಗಳದ ನಡುವೆ ಮುಟ್ಟುವಷ್ಟರಲ್ಲಿ ಹಿಂದೆ ಪ್ಯಾಕಿಂಗು ಕಿತ್ತುಹೋಯಿತು. ಸಿಡಿದ ಸದ್ದು ನೆನಪಿಲ್ಲ. ಬಿಳಿಯ ಗೋಡೆಯೊಂದು ಎದ್ದು ನಿಂತದ್ದು, ಅದರೊಳಗಿಂದ ಏಣಿಯ ಕಾಲು ಮಾತ್ರ ಕಾಣುತ್ತಿದ್ದದ್ದು ನೆನಪಿದೆ. ಆ ಬಿಳಿಯೊಳಗೆ ಮೇಸ್ತ್ರಿ ಚಕ್ರ ತಿರುಗಿಸುತ್ತಲೇ ಇದ್ದರು. ಪೂರ್ತಿ ಬಂದ್ ಆದ ಮೇಲೆ ಒಂದೊಂದೇ ಮೆಟ್ಟಿಲು ಇಳಿದು ಬಂದರು. ಎಡಗೈ ಮಣಿಕಟ್ಟಿನಿಂದ ಭುಜದವರೆಗೆ, ಕುತ್ತಿಗೆ, ಎಡಗಿವಿ ಬೆಂದಿದ್ದವು. ಉಳಿದವರು ಒಲೆಯಿಂದ ಉರಿಯುವ ಹೊಟ್ಟನ್ನು ಎಳೆದು ಹೊರಹಾಕಿದರು.

ಯಾರೂ ಸಾಯಲಿಲ್ಲ. ಇದನ್ನು ನಾನು ಇಲ್ಲೇ ಹೇಳಿಬಿಡಬೇಕು, ಏಕೆಂದರೆ ನನ್ನ ತಲೆಯೊಳಗೆ ಬಹಳ ದಿನ ಬೇರೆ ಬೇರೆ ರೀತಿಯಲ್ಲಿ ಎಲ್ಲರೂ ಸತ್ತಿದ್ದಾರೆ. ಹೆಂಗಸರು ಕೂತಿದ್ದ ಜಾಗದ ರೊಟ್ಟಿಗಳು ನೆನೆದು ಗೋಡೆಗೆ ಅಂಟಿಕೊಂಡಿದ್ದವು. ಮುದುಕಿ ಅದನ್ನು ನೋಡಿ ಬೈಯುವುದನ್ನು ನಿಲ್ಲಿಸಿ, ಅಲ್ಲೇ ಕುಕ್ಕರಿಸಿದಳು. ಸದ್ದು ಕೇಳಿಸಲಿಲ್ಲವೇ ಎಂದು ನಾನು ಆಕೆಯನ್ನು ಕೇಳಿದೆ.

"ಕೇಳ್ತಿತ್ತಲ್ರಿ, ಯಾಕ ಕೇಳೂದಿಲ್ಲ? ಆದ್ರ ಮೇಸ್ತ್ರಿ ಅಲ್ಲೆ ಬೀಡಿ ಸೇದಾಕತ್ತಿದ್ದ. ಏನರ ಆಗಿದ್ರ ಅಂವ ಏಳತಿದ್ದಿಲ್ಲೇನು?"

ಮೇಸ್ತ್ರಿ ಆರಾಮವಾಗಿ ಕೂತಿದ್ದಾರೆ ಎಂದು ಹೆಂಗಸರು ಕೂತರು. ಅಕ್ಕೋರ ಕಾಗದ ಇದೆ ಎಂದು ಮಾಲೀಕರು ಮೇಸ್ತ್ರಿಯನ್ನು ಕೂರಿಸಿದರು. ಐದರ ಬಸ್ಸಿದೆ ಎಂದು ನಾನು ಕಾಗದ ಬರೆದೆ.

ಸಂಜೆ ಮೇಸ್ತ್ರಿಯನ್ನು ಸೇರಿಸಿದ್ದ ಗಂಗಾವತಿಯ ಆಸ್ಪತ್ರೆಯ ವರಾಂಡದಲ್ಲಿ ಮಾಲೀಕರು ನನ್ನ ಪಕ್ಕ ಬಂದು ಕೂತರು. "ಪ್ಯಾಕಿಂಗ್ ಹಳೇದಾಗಿತ್ತು. ಅದು ನನ್ನ ತಪ್ಪು, ಬದಲಾಯಿಸ್ತೀನಿ. ಮೇಸ್ತ್ರಿ ಮೇಲೆ ಒಂದು ಮಾತು ಬರೋದಿಲ್ಲಮ್ಮಾ. ನಿಮ್ಮ ಕಾಗದ ಇದೆಯಲ್ಲಾ, ಕಿವಿ ಸರಿಯಿದೆ ಅಂತ. ವಾಸಿಯಾಗಲಿ, ಮತ್ತೆ ಅದೇ ಬಾಯ್ಲರಿಗೆ ರಾಜ."

ನಾನು ತಲೆಯಾಡಿಸಿದೆ.

ಅಂದಿನಿಂದ ನಿದ್ದೆ ಹೋಯಿತು. ಕೊಪ್ಪಳದ ಬಾಡಿಗೆ ಕೋಣೆಯಲ್ಲಿ ಎರಡು ಗಂಟೆ ಕಣ್ಣು ಮುಚ್ಚುತ್ತಿತ್ತು, ಆಮೇಲೆ ಸೀ ಎನ್ನುವ ಸದ್ದಿಗೆ ಎದ್ದು ಕೂರುತ್ತಿದ್ದೆ. ಸದ್ದು ಎಲ್ಲಿಂದಲೂ ಬಂದಿರುತ್ತಿರಲಿಲ್ಲ. ಪಂಪ್ ಸ್ಟೋವ್ ಹಚ್ಚುವುದನ್ನು ಬಿಟ್ಟು ಇದ್ದಿಲ ಒಲೆ ತಂದೆ. ಬಸ್ಸು ಬ್ರೇಕು ಬಿಟ್ಟಾಗ ಸೀಟಿನ ಕಂಬಿ ಹಿಡಿಯುತ್ತಿದ್ದೆ. ಆ ನಾಲ್ಕು ನಿಮಿಷಗಳನ್ನು ಎಲ್ಲ ರೀತಿಯಲ್ಲೂ ಹಿಂದಕ್ಕೆ ತಿರುಗಿಸಿ ನೋಡಿದೆ. ಪ್ಲಗ್ಗು ತೆಗೆಯದೆ ಹೊರಗೆ ಹೋಗಿದ್ದರೆ ಅವರ ಕೈ ಬೇಯುತ್ತಿರಲಿಲ್ಲ. ಇನ್ನೂ ಒಂದು ವಯರು ಬದಲಿಸಿದ್ದರೆ ಮುದುಕಿ ಇರುತ್ತಿರಲಿಲ್ಲ. ಇದರ ಕೆಳಗೆ ಇನ್ನೊಂದು ಚಿಂತೆ ಕುಳಿತಿತ್ತು: ಕೈ ವಾಸಿಯಾದ ದಿನ ಅವರು ನನ್ನ ಕಾಗದದ ಬಲದಿಂದ ಮತ್ತೆ ಬಾಯ್ಲರಿನ ಮುಂದೆ ಕೂರುತ್ತಾರೆ. ನಾನು ಬಾಯಿ ಬಿಟ್ಟರೆ ಅವರ ಹದಿನೈದು ವರ್ಷದ ಕೆಲಸ ಹೋಗುತ್ತದೆ. ಬಿಡದಿದ್ದರೆ ಇನ್ನೊಂದು ಪ್ಯಾಕಿಂಗು, ಇನ್ನಾರು ಹೆಂಗಸರು.

ಕೆಲಸದ ಮೇಲಿನ ನಂಬಿಕೆಯೂ ಹೋಗಿತ್ತು. ಮುಂದಿನ ಸೋಮವಾರ ಕುಷ್ಟಗಿಯಲ್ಲಿ ಒಬ್ಬ ಅಜ್ಜನ ಕಿವಿಯನ್ನು ಒಂದೇ ಸ್ವರಕ್ಕೆ ಆರು ಸಲ ನೋಡಿದೆ. ಅಜ್ಜ ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟ. "ಅಕ್ಕೋರ, ನನಗ ಕೇಳಸಾಕತ್ತೈತಿ ಅಂತ ಆರು ಸರ್ತಿ ಬಟ್ಟ ಎತ್ತೇನಿ. ನಿಮಗs ಕಾಣಸವಲ್ದು. ಕಣ್ಣಿನ ಡಾಕ್ಟರ್ನ ಕಾಣ್ರಿ." ಸರದಿಯಲ್ಲಿ ಕೂತಿದ್ದವರೆಲ್ಲ ನಕ್ಕರು. ನನಗೆ ಅಳು ಬಂತು.

ಗುರುವಾರ ಯಲಬುರ್ಗಾಕ್ಕೆ ಹೋದಾಗ ಮನೆಯಲ್ಲಿ ಅಪ್ಪನಿಗೆ ಹೇಳಿದೆ. ಈ ಕೆಲಸ ಬಿಟ್ಟು ಬಿ.ಎಡ್. ಮಾಡುತ್ತೇನೆ ಎಂದೆ. ಅಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತ ಪೂರ್ತಿ ಕೇಳಿದರು.

"ಸಾಲ್ಯಾಗ ನಾ ಎಷ್ಟ ಸರ್ತಿ ಲೆಕ್ಕಾ ತಪ್ಪು ಬಿಡಿಸೇನಿ, ಗೊತ್ತೇನು ನಿನಗ?"

"ಎಷ್ಟು?"

"ಅದನ್ನ ಯಾರ್ ಎಣಸ್ತಾರ? ರಾತ್ರಿ ನೆನಪಾಗತಿತ್ತು. ಮರುದಿನ ಹೋಗಿ, ಹುಡುಗ್ರ ಮುಂದs, ನಿನ್ನೆ ನಂದು ತಪ್ಪಿತ್ತು ಅಂತ ಹೇಳಿ, ಅದs ಹಲಗಿ ಮ್ಯಾಲ ತಿದ್ದತಿದ್ದೆ. ಬಿ.ಎಡ್. ಮಾಡಿದ್ರೂ ಇದನ್ನ ಮಾಡಬೇಕಾಗತೈತಿ. ಇದನ್ನ ಮಾಡಿ, ಆಮ್ಯಾಲ ಬೇಕಂದ್ರ ಬಿ.ಎಡ್. ಮಾಡು."

ಮೇಸ್ತ್ರಿ ಆಸ್ಪತ್ರೆಯಿಂದ ಬಿಡಿಸಿಕೊಂಡು ನವಲಿಗೆ ಹೋಗಿದ್ದರು. ಪೆಟ್ಟಿಗೆ ಎತ್ತಿಕೊಂಡು ಹೋದೆ. ಗದ್ದೆಗಳ ಅಂಚಿನಲ್ಲಿ ಅವರ ಮನೆ. ಹೆಂಡತಿ ಬಾಗಿಲಲ್ಲಿ ನನ್ನನ್ನೂ ಪೆಟ್ಟಿಗೆಯನ್ನೂ ನೋಡಿ, ನೀರು ತರುವ ಮೊದಲೇ ಹೇಳಿದರು:

"ಗೊತ್ತಾತೇನ್ರಿ ನಿಮಗ?"

"ಗೊತ್ತಾತು. ನಿಮಗ ಯಾವಾಗ ಗೊತ್ತು?"

"ನಮ್ಮ ದೊಡ್ಡ ಮಗಳು ಹುಟ್ಟಿದಾಗಿಂದ. ಕೂಸು ಚೀರಿದ್ರ ಇವರು ಏಳತಿದ್ದಿಲ್ಲ. ಎತ್ತು ಒದರಿದ್ರ ಏಳತಿದ್ರು." ಗಿರಣಿಯ ಅಂಗಳದಲ್ಲಿ ಆಕೆ ಯಾವಾಗಲೂ ಬಾಯ್ಲರಿನ ಎದುರಿಗೇ ಭತ್ತ ಹರವುತ್ತಿದ್ದರಂತೆ. ಏನಾದರೂ ಹೊಸ ಸದ್ದು ಬಂದರೆ ಸೆರಗು ಬೀಸುವುದು, ಮೇಸ್ತ್ರಿ ಕಣ್ಣಿನಲ್ಲೇ ತಿಳಿದು ಏಳುವುದು. ಎಷ್ಟೋ ವರ್ಷ ಯಾರಿಗೂ ಗೊತ್ತಾಗಲಿಲ್ಲ. "ಇವರ ಕಿವಿ ನಾನs ಅಕ್ಕೋರ. ಅವತ್ತ ಒಂದಿನ ಹುಲಿಗೆಮ್ಮನ ಗುಡಿಗೆ ಹೋಗಿದ್ದೆ. ಇವರ ಸಲುವಾಗೇ ಹರಕಿ ಹೊತ್ತಿದ್ದೆ, ನಿಮ್ಮ ಪರೀಕ್ಷಾದಾಗ ಪಾಸಾಗಲಿ ಅಂತ. ಅದನ್ನ ತೀರಸಾಕ."

ಮೇಸ್ತ್ರಿ ಒಳಗೆ ಗೋಡೆಗೆ ಒರಗಿ ಕೂತಿದ್ದರು. ಕಿವಿಯ ಗಾಯ ಒಣಗಿತ್ತು, ಕೈಗೆ ಇನ್ನೂ ಬಟ್ಟೆ ಸುತ್ತಿತ್ತು. ಮತ್ತೊಮ್ಮೆ ನೋಡಬೇಕು ಎಂದೆ. ಬೇಡ ಎನ್ನಲಿಲ್ಲ. ಅಂದು ನನ್ನ ಕೈ ಅವರಿಗೆ ಹೇಗೋ ಕಂಡಿರಬೇಕೆಂದು ಈ ಸಲ ನಾನು ಒಂದು ಕೌದಿ ಕೇಳಿದೆ. ಹೆಂಡತಿ ಅದನ್ನು ಎರಡೂ ಕೈಯಲ್ಲಿ ಎತ್ತಿ ನನಗೂ ಅವರಿಗೂ ನಡುವೆ ಹಿಡಿದು ನಿಂತರು.

"ಇದೇನ್ರಿ ಅಕ್ಕೋರ, ತೊಗಲಗೊಂಬಿ ಆಟಾನs?"

"ಅವತ್ತ ಆಡಿದ್ದು ಆ ಆಟ," ಎಂದು ಕೌದಿಯ ಆಚೆಯಿಂದ ಮೇಸ್ತ್ರಿಯೇ ಹೇಳಿದರು. ಆಗ ನನಗೆ ವಿಷಯ ತಿಳಿಯಿತು. ನಾಲ್ಕರ ಮೇಲೆ ಇಳಿಬಿಸಿಲು ಬಾಗಿಲಿನಿಂದ ಒಳಗೆ ಬಂದು ನನ್ನ ತೋಳಿನ ನೆರಳನ್ನು ಅವರೆದುರಿನ ಚೀಲಗಳ ಮೇಲೆ ಹಾಕಿತ್ತು. ನಾನು ಗುಂಡಿ ಒತ್ತಿದಾಗಲೆಲ್ಲ ನೆರಳು ಬಾಗುತ್ತಿತ್ತು. ಅವರು ಹದಿನೈದು ವರ್ಷ ಹೆಂಡತಿಯ ಸೆರಗನ್ನು ಓದಿದ ಕಣ್ಣಿನಿಂದ ನನ್ನ ನೆರಳನ್ನು ಓದಿದ್ದರು.

ಗಡುಸು ಸ್ವರಗಳಿಗೆ ಬೆರಳು ಚೆನ್ನಾಗಿ ಎದ್ದಿತು. ಮನುಷ್ಯರ ಮಾತಿನ ಮೇಲ್ಗಡೆಯ ಸ್ವರಗಳಿಗೆ ಬಂದಾಗ ನಿಂತಿತು. ಸದ್ದು ಏರಿಸುತ್ತ ಹೋದೆ. ಗುಂಡಿ ಕೊನೆ ಮುಟ್ಟಿತು. ಕೌದಿ ಹಿಡಿದು ನಿಂತ ಹೆಂಡತಿಗೇ ಆ ಸೀಟಿ ಹೊರಗೆ ಕೇಳುತ್ತಿತ್ತು. ಬೆರಳು ತೊಡೆಯ ಮೇಲೇ ಇತ್ತು.

"ಬರೀತೀರೇನ್ರಿ?" ಎಂದು ಮೇಸ್ತ್ರಿ ಕೇಳಿದರು.

"ಬರಿಯಾಕs ಬೇಕು."

"ಬಾಯ್ಲರ್ ನನಗ ಕೈಯಾಗ ಗೊತ್ತೈತ್ರಿ. ಕೈ ಇಟ್ರ ಸಾಕು, ಎಷ್ಟು ಉಗಿ ಐತಿ ಹೇಳತೇನಿ."

"ಕೊಳವಿ ಮ್ಯಾಲ ಇತ್ತು ಮೇಸ್ತ್ರಿ. ಕೈ ಇಡಾಕ ನೀವು ಅಲ್ಲಿದ್ದಿಲ್ಲ."

ಮೇಸ್ತ್ರಿ "ಚಾ ಕೊಡು ಅಕ್ಕೋರಿಗೆ," ಎಂದು ಹೆಂಡತಿಗೆ ಹೇಳಿ ಗೋಡೆ ಕಡೆ ಹೊರಳಿದರು. ನಾನು ಹೊರಡುವಾಗಲೂ ಈ ಕಡೆ ತಿರುಗಲಿಲ್ಲ.

ಮರುದಿನ ಮಾಲೀಕರ ಮುಂದೆ ಹೊಸ ಕಾಗದ ಇಟ್ಟು ಹಳೆಯದನ್ನು ವಾಪಸು ಕೇಳಿದೆ. ನನ್ನ ಪರೀಕ್ಷೆ ತಪ್ಪಾಗಿತ್ತು, ಮೇಜು ಹಾಕಿದ ಜಾಗ ತಪ್ಪಿತ್ತು, ಮಾಡಬೇಕಾದ ಒಂದು ತಪಾಸಣೆ ಬಿಟ್ಟಿದ್ದೆ ಎಂದೆ. ಮೇಸ್ತ್ರಿ ನೆರಳು ನೋಡಿದ್ದನ್ನು ಹೇಳಲಿಲ್ಲ. ಅದು ಹೇಳಬೇಕಾದವರ ಮಾತು. ಮಾಲೀಕರು ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು.

"ಅಂದ್ರೆ ಮೊದಲನೇದು ಸುಳ್ಳು. ಇದು ನಿಜ ಅಂತ ಹೇಗೆ ನಂಬ್ಲಿ?"

"ಯಾವತ್ತು ಬೇಕಾದ್ರೂ, ನಿಮ್ಮ ಎದುರಿಗೇ ಮತ್ತ ಮಾಡಿ ತೋರಸ್ತೇನ್ರಿ."

"ಆರು ಜನ ಇದ್ರಮ್ಮಾ ಗೋಡೆ ಕೆಳಗೆ. ಆರು ಜನ." ಅವರ ದನಿ ಏರಲಿಲ್ಲ. ಏರಿದ್ದರೆ ಸಹಿಸಬಹುದಿತ್ತು. ಮುಂದಿನ ಮಂಗಳವಾರದಿಂದ ಬರುವುದು ಬೇಡ ಎಂದರು. ಸುದ್ದಿ ಹರಡಿ ಇನ್ನೆರಡು ಗಿರಣಿಯವರೂ ಬೇಡವೆಂದರು. ಕೊಪ್ಪಳದ ನಮ್ಮ ಆಸ್ಪತ್ರೆಗೆ ನಡೆದದ್ದನ್ನೆಲ್ಲ ಬರೆದುಕೊಟ್ಟೆ. ಹಿರಿಯ ವೈದ್ಯರು ಓದಿ, ಇನ್ನು ಮೇಲೆ ದಿನಕ್ಕೆ ಹತ್ತು ಜನಕ್ಕಿಂತ ಹೆಚ್ಚು ನೋಡಕೂಡದು ಎಂದಷ್ಟೇ ಹೇಳಿದರು. ಮೇಸ್ತ್ರಿಯನ್ನು ಬಾಯ್ಲರಿನಿಂದ ತೆಗೆದು ಭತ್ತ ನೆನೆಸುವ ತೊಟ್ಟಿಗಳಿಗೆ ಹಾಕಿದರೆಂದು ತಿಳಿಯಿತು. ಕಾಳನ್ನು ಉಗುರಿನಿಂದ ಒತ್ತಿ, ಹಲ್ಲಿನಲ್ಲಿ ಕಡಿದು ಹದ ಹೇಳುವ ಕೆಲಸ. ಕೆಲಸ ಉಳಿಯಿತು, ಮೇಸ್ತ್ರಿ ಎನ್ನುವ ಹೆಸರು ಬಾಯ್ಲರಿನ ಜೊತೆ ಹೋಯಿತು. ಗಂಗಾವತಿಯ ಬಸ್ ನಿಲ್ದಾಣದಲ್ಲಿ ಒಮ್ಮೆ ಎದುರಾದೆವು. ಕಂಡೂ ಕಾಣದಂತೆ ಹೋದರು. ನಿದ್ದೆ ಸ್ವಲ್ಪ ಸ್ವಲ್ಪ ಬಂತು, ಪೂರ್ತಿ ಬರಲಿಲ್ಲ.

ಏಳೆಂಟು ತಿಂಗಳ ಮೇಲೆ ಮಾಲೀಕರು ಆಸ್ಪತ್ರೆಗೆ ಹೇಳಿ ಕಳಿಸಿದರು. ಬಾಯ್ಲರಿಗೆ ಹೊಸಬನೊಬ್ಬನನ್ನು ತೆಗೆದುಕೊಳ್ಳಬೇಕು, ಮೊದಲು ಕಿವಿ ನೋಡಬೇಕು, ಆ ಅಮ್ಮನೇ ಬರಲಿ ಎಂದಿದ್ದರು. ಅಂದು ಬಸ್ಸು ಕೆಟ್ಟು ನಾನು ಗಿರಣಿ ಮುಟ್ಟುವಾಗ ನಾಲ್ಕಾಗಿತ್ತು. ಅದೇ ಗೋಡೌನು, ಅದೇ ಬಾಗಿಲು. ಮೇಜನ್ನು ಈ ಸಲ ಮೂಲೆಗೆ ಎಳೆಸಿ, ಯಂತ್ರದ ಮುಂದೆ ರಟ್ಟು ನಿಲ್ಲಿಸಿ, ಹೊಸಬನನ್ನು ಕೂರಿಸಿದೆ. ಹುಲಿಹೈದರದ ಕಡೆಯ ಗಟ್ಟಿ ಆಳು. ಹೆಡ್‌ಫೋನ್ ಹಾಕಬೇಕೆನ್ನುವಾಗ ಬಾಗಿಲು ಕತ್ತಲಾಯಿತು. ನೋಡಿದರೆ ಮೇಸ್ತ್ರಿ, ಹೆಗಲ ಮೇಲೆ ಭತ್ತ ಮುಚ್ಚುವ ತಾಡಪತ್ರಿ ಹೊತ್ತು ನಿಂತಿದ್ದರು.

"ಬಿಸಲು ಇಳದೈತ್ರಿ ಅಕ್ಕೋರ. ರಟ್ಟು ಸಾಲಂಗಿಲ್ಲ, ನಿಮ್ಮ ಮೊಳಕೈ ಇನ್ನೂ ಕಾಣಸತೈತಿ ಅಲ್ಲಿ, ಮೂರನೇ ಸಾಲಿನ ಚೀಲದ ಮ್ಯಾಲ."

ನೋಡಿದೆ. ಕಾಣಿಸುತ್ತಿತ್ತು. ಅವರು ತಾಡಪತ್ರಿಯನ್ನು ಬಾಗಿಲಿಗೆ ಕಟ್ಟಿದರು. ಎಡಗೈ ಪೂರ್ತಿ ಮೇಲೇಳುತ್ತಿರಲಿಲ್ಲ. ಬಲಗೈಯಿಂದಲೇ ಎರಡೂ ಗಂಟು ಬಿಗಿದರು. ನಾನು ಬಲ್ಬು ಹಾಕಿದೆ. ಅವರು ಹೊಸಬನ ಪಕ್ಕ ಹೋಗಿ, ಅವನ ಕಣ್ಣಿನ ಎತ್ತರಕ್ಕೆ ಬಗ್ಗಿ, ಚೀಲಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದರು.

"ಈಗ ಏನೂ ಕಾಣಸಂಗಿಲ್ಲ. ಚಾಲೂ ಮಾಡ್ರಿ," ಎಂದರು. ಆಮೇಲೆ ಹೊಸಬನಿಗೆ, "ತಮ್ಮಾ, ಕೇಳಸಲಿಲ್ಲಂದ್ರ ಬಟ್ಟ ಎತ್ತಬ್ಯಾಡ. ತೊಟ್ಟಿ ಕೆಲಸಾನೂ ಛಲೋನs ಐತಿ." ಆ ಮಾತಿನಲ್ಲಿ ಸಿಟ್ಟು ಪೂರ್ತಿ ಹೋಗಿರಲಿಲ್ಲ. ನನ್ನ ಕಡೆ ನೋಡದೆ ಹೊರಗೆ ಹೋದರು.

ನಾನು ಅವಸರ ಮಾಡಲಿಲ್ಲ. ಮೂರು ಸಲ ಸ್ವರವಿಲ್ಲದೆ ಸುಮ್ಮನೆ ಕೈ ಆಡಿಸಿದೆ. ಮೂರು ಸಲವೂ ಬೆರಳು ಏಳಲಿಲ್ಲ. ಚೂಪು ಸ್ವರಕ್ಕೆ ಎದ್ದಿತು, ಅದೂ ಇರಬೇಕಾದಷ್ಟಕ್ಕೆ ಮಾತ್ರ. ಕಾಗದ ಬರೆದೆ, ಸಹಿ ಮಾಡಿದೆ. ಐದರ ಬಸ್ಸು ಹೋಗಿತ್ತು, ಏಳರದ್ದಕ್ಕೆ ಹೋದೆ.

ಆ ರಾತ್ರಿ ಊಟ ಮಾಡಿ ಮಲಗಿದ್ದು ನೆನಪಿದೆ. ಆಮೇಲೆ ನೆನಪಿರುವುದು ಬಾಗಿಲು ಬಡಿಯುವ ಸದ್ದು. ಕಿಟಕಿಯಲ್ಲಿ ಬಿಸಿಲು ಬಂದಿತ್ತು. ಬಾಗಿಲು ತೆಗೆದರೆ ಹಾಲಿನಾಕೆ ತಂಬಿಗೆ ಹಿಡಿದು ನಿಂತಿದ್ದಳು.

"ಎಷ್ಟ ಸರ್ತಿ ಒದರಬೇಕ್ರಿ? ಓಣಿ ಮಂದಿ ಎಲ್ಲಾ ಎದ್ದು ಬಂದ್ರು. ಊರವರ ಕಿವಿ ನೋಡ್ತೀರಿ, ನಿಮಗs ಕೇಳಸಂಗಿಲ್ಲೇನು?"